ತಾರೀಖು ಅದಲುಬದಲಾಗದಂತೆ ಕೋಡ್ ಬರೆಯುವುದು: ಪಟ್ಟಿ, ಎಕ್ಸೆಲ್, ವಾಟ್ಸಾಪ್‌ನಿಂದ ಡೇಟಾಬೇಸ್‌ವರೆಗೆ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದು ಈ ಕಡೆಯವರಿಗೆಲ್ಲ ನೆನಪಿದೆ. ಆ ವರ್ಷದ ಮಂಡಿ ಲೆಕ್ಕ ಹಿಡಿದು ಪ್ರಾಜೆಕ್ಟ್ ಮಾಡುವ ಹುಡುಗರು ನನಗೆ ತಂದು ತೋರಿಸುವ ಗ್ರಾಫ್‌ನಲ್ಲಿ ಮಾತ್ರ ಬೇರೆಯದೇ ಕಥೆ ಇರುತ್ತದೆ. ಜನವರಿ 7, ಫೆಬ್ರವರಿ 7, ಮಾರ್ಚ್ 7, ಹೀಗೆ ಡಿಸೆಂಬರ್‌ವರೆಗೆ ಪ್ರತಿ ತಿಂಗಳ ಏಳಕ್ಕೆ ಸರಿಯಾಗಿ ರೇಟು ತೆಂಗಿನಮರದ ಹಾಗೆ ಎದ್ದು ನಿಲ್ಲುತ್ತದೆ. ಎಂಟಕ್ಕೆ ನೆಲ ಕಚ್ಚುತ್ತದೆ.

ಕಾರಣ ಇಷ್ಟೇ. 08/07/2023 ಅಂದರೆ ನಮಗೆ ಜುಲೈ 8, ತಾರೀಖು ಓದುವ ಲೈಬ್ರರಿಗೆ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗೆ) ಆಗಸ್ಟ್ 7. ಜುಲೈನ ಮೊದಲ ಹನ್ನೆರಡು ದಿನದ ರೇಟು ಹೀಗೆ ಹನ್ನೆರಡು ತಿಂಗಳಿಗೂ ಒಂದೊಂದರಂತೆ ಹಂಚಿಹೋಗುತ್ತದೆ. 13ರಿಂದ ಮುಂದಿನ ಅಂಕಿ ತಿಂಗಳಾಗಲು ಸಾಧ್ಯವಿಲ್ಲ, ಹಾಗಾಗಿ ಅವು ತಮ್ಮಷ್ಟಕ್ಕೆ ಸರಿಯಾಗಿ ಕೂರುತ್ತವೆ. ಎರರ್ ಬರುವುದಿಲ್ಲ, ಪ್ರೋಗ್ರಾಂ ನಿಲ್ಲುವುದಿಲ್ಲ, ಸಾಲುಗಳ ಸಂಖ್ಯೆ ಒಂದೂ ಕಡಿಮೆಯಾಗುವುದಿಲ್ಲ.

ಒಂದು ಮಂಡಿಗೆ ಮಾಡಿಕೊಟ್ಟ ಕೆಲಸದಲ್ಲಿ ನಾನೂ ಇದೇ ಗುಂಡಿಗೆ ಬಿದ್ದಿದ್ದೆ. ಹಿಡಿದವರು ಅಲ್ಲಿ ಲೆಕ್ಕ ಬರೆಯುವ ಹಿರಿಯರು. ಪರದೆ ನೋಡಿ, "ಏನಪ್ಪಾ, ಡಿಸೆಂಬರ್ ಏಳಕ್ಕೆ ಜುಲೈ ರೇಟು ಕೂರಿಸಿದೀಯಲ್ಲ, ಈ ಟಮೋಟ ಯಾರು ತಗೊಂಡ್ರು?" ಅಂದರು. ಆಮೇಲೆ ಇಡೀ ಕೆಲಸವನ್ನು ಬೇರೆ ಕ್ರಮದಲ್ಲಿ ಮಾಡಿದೆ. ಆ ಕ್ರಮವೇ ಕೆಳಗಿದೆ. ಹೆಚ್ಚಿನ ಉದಾಹರಣೆ ಪೈಥಾನ್‌ನದು, ಅಲ್ಲಲ್ಲಿ ಜಾವಾಸ್ಕ್ರಿಪ್ಟ್ ಮತ್ತು ಜಾವಾ ಬರುತ್ತವೆ. ಫಂಕ್ಷನ್‌ಗಳ ಹೆಸರನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಕೂರುವ ಮುಂಚೆ ಬೇಕಾದವು

ಪೈಥಾನ್ 3.9 ಅಥವಾ ಅದಕ್ಕಿಂತ ಹೊಸದು ಇರಲಿ. ಟೈಮ್‌ಝೋನ್‌ಗೆ ಬೇಕಾದ ಝೋನ್‌ಇನ್ಫೋ ಅಲ್ಲಿಂದ ಮುಂದೆ ಜೊತೆಗೇ ಬರುತ್ತದೆ. ವಿಂಡೋಸ್‌ನಲ್ಲಿ ಕೆಲಸ ಮಾಡುವವರು ಟಿಝಡ್‌ಡೇಟಾ ಎಂಬ ಪ್ಯಾಕೇಜನ್ನೂ ಹಾಕಿಕೊಳ್ಳಿ, ಇಲ್ಲದಿದ್ದರೆ "ಏಷ್ಯಾ/ಕೋಲ್ಕತಾ" ಎಂಬ ಝೋನ್ ಸಿಗಲಿಲ್ಲ ಅಂತ ಬೈಯುತ್ತದೆ. ಪಾಂಡಾಸ್ (ಪೈಥಾನ್‌ನಲ್ಲಿ ಕೋಷ್ಟಕಗಳ ಜೊತೆ ಕೆಲಸ ಮಾಡುವ ಲೈಬ್ರರಿ) ಬಳಸುವುದಾದರೆ ಯಾವ ಆವೃತ್ತಿ ಅಂತ ಮೊದಲು ನೋಡಿ, 2.0ರಲ್ಲಿ ತಾರೀಖು ಓದುವ ನಡವಳಿಕೆಯೇ ಬದಲಾಗಿದೆ, ಅದರ ವಿಷಯ ನಾಲ್ಕನೇ ಹಂತದಲ್ಲಿ ಬರುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಫೋನ್ ನಂಬರ್: ಆ ತಾರೀಖುಗಳನ್ನು ಬರೆದವರದ್ದು.

ಹಂತ 1: ಬಂದದ್ದನ್ನು ಬಂದ ಹಾಗೆ ಎತ್ತಿಡಿ

ತಾರೀಖಿನ ಕಾಲಂ ಪಕ್ಕದಲ್ಲೇ "ಮೂಲ" ಅಂತ ಇನ್ನೊಂದು ಕಾಲಂ ಮಾಡಿ, ಬಂದ ಅಕ್ಷರಗಳನ್ನು ಒಂದು ಚುಕ್ಕಿಯೂ ಬದಲಿಸದೆ ಅಲ್ಲಿ ಇಡಿ. ಯಾವ ಫೈಲ್, ಎಷ್ಟನೇ ಸಾಲು ಎಂಬುದೂ ಜೊತೆಗಿರಲಿ. ಬದಲಾಯಿಸಿದ ತಾರೀಖು ತಪ್ಪಾಗಿದೆ ಅಂತ ಮೂರು ತಿಂಗಳ ನಂತರ ಗೊತ್ತಾದಾಗ, ವಾಪಸ್ ಹೋಗಲು ಇರುವ ದಾರಿ ಅದೊಂದೇ.

ಇಲ್ಲಿ ಆಗುವ ದೊಡ್ಡ ತಪ್ಪು, ಸಿಎಸ್‌ವಿ ಫೈಲನ್ನು (ಅಲ್ಪವಿರಾಮ ಹಾಕಿ ಕಾಲಂ ಬೇರ್ಪಡಿಸಿದ, ಬರೀ ಅಕ್ಷರದ ಫೈಲ್) "ಸುಮ್ಮನೆ ನೋಡೋಣ" ಅಂತ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುವುದು. ಕಂಪ್ಯೂಟರ್‌ನ ಪ್ರದೇಶದ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ (ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಹಾಗೇ ಇರುತ್ತದೆ) ಎಕ್ಸೆಲ್ 08/07/2023 ಅನ್ನು ಆಗಸ್ಟ್ 7 ಅಂತ ತಾರೀಖು ಮಾಡಿಕೊಳ್ಳುತ್ತದೆ, 18/07/2023 ಅನ್ನು ಅರ್ಥವಾಗದೆ ಅಕ್ಷರವಾಗಿಯೇ ಬಿಡುತ್ತದೆ. ಗುರುತು ಹಿಡಿಯುವುದು ಸುಲಭ: ಒಂದೇ ಕಾಲಂನಲ್ಲಿ ಕೆಲವು ತಾರೀಖು ಬಲಕ್ಕೆ ಒತ್ತಿಕೊಂಡು, ಕೆಲವು ಎಡಕ್ಕೆ ಒತ್ತಿಕೊಂಡು ನಿಂತಿರುತ್ತವೆ. ಬಲಕ್ಕಿರುವುದು ಎಕ್ಸೆಲ್ ನುಂಗಿದ್ದು, ಎಡಕ್ಕಿರುವುದು ಬಿಟ್ಟದ್ದು. ಹೀಗೆ ಕಂಡರೆ ಆ ಫೈಲನ್ನು ರಿಪೇರಿ ಮಾಡಲು ಹೋಗಬೇಡಿ, ಕೊಟ್ಟವರಿಂದ ಮತ್ತೆ ಕೇಳಿ ತೆಗೆದುಕೊಳ್ಳಿ.

ಹಂತ 2: ಯಾವ ಜಾತಿಯದು ಅಂತ ವಿಂಗಡಿಸಿ, ಈ ಕ್ರಮದಲ್ಲೇ

ಏನು ಕೊಟ್ಟರೂ ತಾರೀಖು ಮಾಡಿಕೊಡುವ ಒಂದೇ ಫಂಕ್ಷನ್ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಬರೆಯಿರಿ, ತಪ್ಪೇನಿಲ್ಲ. ಆದರೆ ಅದರ ಒಳಗೆ ಮೊದಲ ಕೆಲಸ ವಿಂಗಡಣೆ, ಮತ್ತು ಪ್ರಶ್ನೆ ಕೇಳುವ ಕ್ರಮ ಹೀಗೇ ಇರಬೇಕು:

1. ಖಾಲಿಯೇ?
2. ಸಮಯವೂ ಸೇರಿದ ಡೇಟ್‌ಟೈಮ್ ವಸ್ತುವೇ?
3. ಬರೀ ಡೇಟ್ ವಸ್ತುವೇ?
4. ಸಂಖ್ಯೆಯೇ?
5. ಅಕ್ಷರವೇ?
6. ಇದ್ಯಾವುದೂ ಅಲ್ಲವೇ? ಹಾಗಾದರೆ ಎರರ್ ಎತ್ತಿ.

ಕ್ರಮ ಯಾಕೆ ಮುಖ್ಯ ಅಂದರೆ, ಪೈಥಾನ್‌ನಲ್ಲಿ ಡೇಟ್‌ಟೈಮ್ ಎಂಬುದು ಡೇಟ್‌ನ ಮಗ. "ಇದು ಡೇಟ್ ಏನಪ್ಪಾ?" ಅಂತ ಮೊದಲು ಕೇಳಿದರೆ ಡೇಟ್‌ಟೈಮ್ ಕೂಡ "ಹೌದು" ಅನ್ನುತ್ತದೆ, ಸಮಯದ ಭಾಗ ನಿಮ್ಮ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಇನ್ನೂ ಮೋಜಿನದು ಪಾಂಡಾಸ್‌ನ ನ್ಯಾಟ್, ಅಂದರೆ "ತಾರೀಖು ಇಲ್ಲ" ಎಂಬ ಗುರುತು. "ನೀನು ಡೇಟ್‌ಟೈಮಾ?" ಅಂತ ಕೇಳಿದರೆ ಅದೂ ಹೌದು ಅನ್ನುತ್ತದೆ. ಅದಕ್ಕೇ ಖಾಲಿಯ ಪ್ರಶ್ನೆ ಎಲ್ಲಕ್ಕಿಂತ ಮೊದಲು. ಟ್ರೂ, ಫಾಲ್ಸ್ ಕೂಡ ಪೈಥಾನ್‌ಗೆ ಇಂಟಿಜರ್‌ಗಳೇ, ಸಂಖ್ಯೆಯ ಪ್ರಶ್ನೆಗೆ ಮುಂಚೆ ಅವನ್ನು ಹೊರಗೆ ಕಳಿಸಿ.

ಖಾಲಿ ಅಂದರೆ ಬರೀ ಖಾಲಿ ಸೆಲ್ ಅಲ್ಲ. ಒಂದು ಅಡ್ಡಗೆರೆ, "ಇಲ್ಲ", "ಗೊತ್ತಿಲ್ಲ", "00-00-0000", ಮೇಲಿನದೇ ಎಂಬರ್ಥದ ಎರಡು ಗೀಟು. ಕೊನೆಯದು ಖಾಲಿಯಲ್ಲ ಅನ್ನುವುದನ್ನು ಗಮನಿಸಿ: ಅದು ಹಿಂದಿನ ಸಾಲಿನ ತಾರೀಖು. ಸಾಲುಗಳನ್ನು ವಿಂಗಡಿಸುವ ಅಥವಾ ಸಾರ್ಟ್ ಮಾಡುವ ಮುಂಚೆಯೇ ಅದನ್ನು ತುಂಬಿಸಿಕೊಳ್ಳಬೇಕು. ಸಾರ್ಟ್ ಆದ ಮೇಲೆ "ಮೇಲಿನದು" ಯಾವುದೋ ಬೇರೆಯದಾಗಿರುತ್ತದೆ.

ಹಂತ 3: ಅಕ್ಷರಗಳನ್ನು ತೊಳೆಯಿರಿ

ಪಟ್ಟಿ (ಮಂಡಿಯ ಮಾರಾಟದ ಚೀಟಿ) ಪುಸ್ತಕದಿಂದ ಟೈಪ್ ಮಾಡಿಸಿದ ತಾರೀಖು "ದಿ: ೮-೭-೨೩ ರಂದು" ಎಂದಿರುತ್ತದೆ. ಮುಂದಿನ "ದಿ:", ಹಿಂದಿನ "ರಂದು" ತೆಗೆಯುವುದು ಸುಲಭ. ಕನ್ನಡ ಅಂಕಿಯ ಹತ್ತಿರ ಸ್ವಲ್ಪ ನಿಲ್ಲಿ.

ಪೈಥಾನ್‌ನ ಇಂಟ್ ಫಂಕ್ಷನ್‌ಗೆ "೨೦೨೩" ಕೊಟ್ಟರೆ ಸಲೀಸಾಗಿ 2023 ಅನ್ನುತ್ತದೆ. ಇದನ್ನು ನೋಡಿ ಖುಷಿಯಾಗಿ ಇಡೀ ತಾರೀಖನ್ನು ಸ್ಟ್ರಪ್‌ಟೈಮ್‌ಗೆ (ನಾವು ಹೇಳಿದ ಫಾರ್ಮ್ಯಾಟ್‌ನಂತೆ ಅಕ್ಷರವನ್ನು ತಾರೀಖು ಮಾಡುವ ಫಂಕ್ಷನ್) ಕೊಟ್ಟರೆ ಎರರ್. ವರ್ಷದ ಜಾಗದಲ್ಲಿ ಅದು ಯಾವ ಲಿಪಿಯ ಅಂಕಿಯನ್ನಾದರೂ ಒಪ್ಪುತ್ತದೆ, ದಿನ ಮತ್ತು ತಿಂಗಳ ಜಾಗದಲ್ಲಿ ಒಪ್ಪುವುದಿಲ್ಲ. ಜಾವಾಸ್ಕ್ರಿಪ್ಟ್ ಆದರೆ ಕನ್ನಡ ಅಂಕಿಯನ್ನು ಎಲ್ಲೂ ಸಂಖ್ಯೆ ಅಂತಲೇ ಒಪ್ಪುವುದಿಲ್ಲ. ಆದ್ದರಿಂದ ಮೊದಲೇ ೦ಯಿಂದ ೯ರವರೆಗಿನ ಹತ್ತನ್ನೂ 0–9ಕ್ಕೆ ಬದಲಿಸುವ ಒಂದು ಟ್ರಾನ್ಸ್‌ಲೇಟ್ ಕೋಷ್ಟಕ ಇಟ್ಟುಕೊಳ್ಳಿ.

ಆದರೆ ಕುರುಡಾಗಿ ಬದಲಿಸಿದರೆ ಇನ್ನೊಂದು ಕಡೆ ಏಟು ಬೀಳುತ್ತದೆ. ಕನ್ನಡದ ಸೊನ್ನೆ "೦" ಮತ್ತು ಅನುಸ್ವಾರ "ಂ" ಕಣ್ಣಿಗೆ ಒಂದೇ. ಎಷ್ಟೋ ಜನ "ಸೆಪ್ಟೆ೦ಬರ್" ಅಂತ ಟೈಪ್ ಮಾಡುವಾಗ ಮಧ್ಯದಲ್ಲಿ ಅನುಸ್ವಾರದ ಬದಲು ಸೊನ್ನೆ ಒತ್ತಿರುತ್ತಾರೆ. ಅಂಕಿ ಬದಲಿಸಿದ ಮೇಲೆ ಅದು "ಸೆಪ್ಟೆ0ಬರ್" ಆಗುತ್ತದೆ, ತಿಂಗಳ ಹೆಸರು ಸಿಗುವುದಿಲ್ಲ. ಪರಿಹಾರ: ಎಡಕ್ಕೆ ಕನ್ನಡ ಅಕ್ಷರ ಅಥವಾ ಸ್ವರಚಿಹ್ನೆ ಇದ್ದು, ಬಲಕ್ಕೂ ಕನ್ನಡ ಅಕ್ಷರ ಇದ್ದರೆ ಅದು ಅನುಸ್ವಾರ ಅಂತ ಮೊದಲು ಸರಿಪಡಿಸಿ, ಅಂಕಿಯ ಬದಲಾವಣೆ ಆಮೇಲೆ.

ತಿಂಗಳ ಹೆಸರಿಗೆ ಆಪರೇಟಿಂಗ್ ಸಿಸ್ಟಂನ ಕನ್ನಡ ಲೊಕೇಲ್ (ಭಾಷೆ, ಪ್ರದೇಶದ ಸೆಟ್ಟಿಂಗ್) ನಂಬಬೇಡಿ, ನಿಮ್ಮ ಕಂಪ್ಯೂಟರ್‌ನಲ್ಲಿ ಇದ್ದದ್ದು ಸರ್ವರ್‌ನಲ್ಲಿ ಇರುವುದಿಲ್ಲ. ಕೈಯಲ್ಲೇ ಒಂದು ಡಿಕ್ಷನರಿ ಮಾಡಿ, ಜನ ಬರೆಯುವ ಎಲ್ಲಾ ರೂಪ ಅದರಲ್ಲಿರಲಿ: ಫೆಬ್ರವರಿ, ಫೆಬ್ರುವರಿ, ಏಪ್ರಿಲ್, ಎಪ್ರಿಲ್, ಮಾರ್ಚ್, ಮಾರ್ಚಿ, ಸೆಪ್ಟೆಂಬರ್, ಸಪ್ಟೆಂಬರ್. ಹುಡುಕುವ ಮುಂಚೆ ಯೂನಿಕೋಡ್ ನಾರ್ಮಲೈಸ್ ಮಾಡಿ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದಕ್ಕೆ ತನ್ನಿ, ಎನ್ಎಫ್‌ಸಿ ಎಂಬ ರೂಪ ಸಾಕು. "ಅಕ್ಟೋಬರ್"ನಲ್ಲಿರುವ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಮೂರು ತುಂಡು ಜೋಡಿಸಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ, ಹೋಲಿಸಿದರೆ ಬೇರೆ ಬೇರೆ. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟ್‌ನಲ್ಲಿ ಟೈಪ್ ಆದದ್ದು ಬಂದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಅಲ್ಲಿಯವರೆಗೆ ಅದು ಕನ್ನಡವೇ ಅಲ್ಲ.

ಕೊನೆಯದಾಗಿ ಕಾಣದ ಸ್ಪೇಸ್‌ಗಳು. ವಾಟ್ಸಾಪ್ ಚಾಟ್ ಎಕ್ಸ್‌ಪೋರ್ಟ್ ಮಾಡಿದಾಗ ಸಮಯ ಮತ್ತು "ಪಿಎಂ" ಎಂಬುದರ ನಡುವೆ ಬರುವ ಜಾಗ ಎಷ್ಟೋ ಸಲ ಮಾಮೂಲಿ ಸ್ಪೇಸ್ ಆಗಿರುವುದಿಲ್ಲ, ಕಿರಿದಾದ ಬೇರೆಯೇ ಅಕ್ಷರ. ಕಣ್ಣಿಗೆ ವ್ಯತ್ಯಾಸ ಕಾಣದು, ಫಾರ್ಮ್ಯಾಟ್ ಸರಿಯಿದ್ದರೂ ಎರರ್ ಬರುತ್ತದೆ. ಯಾವ ಬಗೆಯ ಸ್ಪೇಸ್ ಇದ್ದರೂ ಒಂದು ಮಾಮೂಲಿ ಸ್ಪೇಸ್‌ಗೆ ಇಳಿಸಿಬಿಡಿ. "ಫಾರ್ಮ್ಯಾಟ್ ಸರಿ ಇದೆ ಸಾರ್, ಆದರೂ ಬರ್ತಿಲ್ಲ" ಅನ್ನುವವರಿಗೆ ನಾನು ಹೇಳುವುದು ಒಂದೇ, ಆ ಸ್ಟ್ರಿಂಗನ್ನು, ಅಂದರೆ ಅಕ್ಷರಗಳ ಸಾಲನ್ನು, ರೆಪ್ರ್ (ಕಾಣದ ಅಕ್ಷರಗಳನ್ನೂ ತೋರಿಸುವ ಫಂಕ್ಷನ್) ಹಾಕಿ ಪ್ರಿಂಟ್ ಮಾಡಿ ನೋಡಿ.

ಹಂತ 4: ಅಕ್ಷರದ ತಾರೀಖಿಗೆ ಫಾರ್ಮ್ಯಾಟ್ ನೀವೇ ಹೇಳಿ

ಲೈಬ್ರರಿಗೆ ಊಹಿಸಲು ಬಿಡಬೇಡಿ. ಈ ಒಂದು ವಿಷಯದಲ್ಲಿ ನನ್ನದು ಹಠವೇ.

ಡೇಟ್‌ಯುಟಿಲ್ ಎಂಬ ಪೈಥಾನ್ ಲೈಬ್ರರಿಯ ಪಾರ್ಸ್ ಫಂಕ್ಷನ್ ಬೇರೇನೂ ಹೇಳದಿದ್ದರೆ ತಿಂಗಳೇ ಮೊದಲು ಅಂದುಕೊಳ್ಳುತ್ತದೆ. ಮೊದಲ ಅಂಕಿ 12 ಮೀರಿದರೆ ಮಾತ್ರ ಸದ್ದಿಲ್ಲದೆ ತಿರುಗಿಸಿ ಓದುತ್ತದೆ. ಆರಂಭದಲ್ಲಿ ಹೇಳಿದ ತೆಂಗಿನಮರಗಳು ಬೆಳೆಯುವುದು ಈ ಮಣ್ಣಲ್ಲಿ. ಅದಕ್ಕೆ ಬರೀ "12" ಕೊಟ್ಟರೂ ಈ ತಿಂಗಳ 12ನೇ ತಾರೀಖು ಅಂತ ಕೊಡುತ್ತದೆ. ಬಾಕ್ಸ್ ಸಂಖ್ಯೆಯ ಕಾಲಂ ತಪ್ಪಿ ಕೊಟ್ಟರೂ ನಿಮಗೆ ಚೆಂದದ ತಾರೀಖುಗಳೇ ಸಿಗುತ್ತವೆ.

ಪಾಂಡಾಸ್ 2.0ಕ್ಕಿಂತ ಹಿಂದೆ ಪ್ರತಿ ಸಾಲನ್ನೂ ಬೇರೆ ಬೇರೆಯಾಗಿ ಊಹಿಸುತ್ತಿತ್ತು. 2.0ರಿಂದ ಮೊದಲ ಸಾಲು ನೋಡಿ ಫಾರ್ಮ್ಯಾಟ್ ಊಹಿಸಿ, ಎಲ್ಲಾ ಸಾಲಿಗೂ ಅದನ್ನೇ ಹಾಕುತ್ತದೆ, ಹೊಂದದಿದ್ದರೆ ಎರರ್ ಕೊಡುತ್ತದೆ. ಇದು ಒಳ್ಳೆಯ ಬದಲಾವಣೆ. ಆ ಎರರ್ ಕಂಡ ಕೂಡಲೇ ಇಂಟರ್‌ನೆಟ್‌ನಲ್ಲಿ ಹುಡುಕಿ ಫಾರ್ಮ್ಯಾಟ್ ಜಾಗದಲ್ಲಿ "ಮಿಕ್ಸ್‌ಡ್" ಅಂತ ಹಾಕಿ ಬಾಯಿ ಮುಚ್ಚಿಸುವವರೇ ಹೆಚ್ಚು. ಹಾಗೆ ಮಾಡಿದರೆ ಹಳೇ ಗುಂಡಿಗೇ ವಾಪಸ್. "ಡೇಫಸ್ಟ್" ಎಂಬ ಆಯ್ಕೆಯೂ ಕಟ್ಟುನಿಟ್ಟಲ್ಲ. ದಿನ ಮೊದಲು ಅಂತ ಹೊಂದದಿದ್ದರೆ ತಿಂಗಳು ಮೊದಲು ಅಂತ ಓದಿಬಿಡುತ್ತದೆ.

ಹಾಗಾದರೆ ಮಾಡಬೇಕಾದದ್ದು: ಪ್ರತಿ ಮೂಲಕ್ಕೂ ಒಂದು ಫಾರ್ಮ್ಯಾಟ್ ಪಟ್ಟಿ. ಮಂಡಿ ಪಟ್ಟಿಗೆ ಒಂದು, ಡೇರಿಯ ಹಾಲಿನ ಲೆಕ್ಕಕ್ಕೆ ಒಂದು, ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ ಒಂದು. ಸ್ಟ್ರಪ್‌ಟೈಮ್‌ನಲ್ಲಿ ಆ ಪಟ್ಟಿಯಲ್ಲಿರುವುದನ್ನು ಮಾತ್ರ ಪ್ರಯತ್ನಿಸಿ. ಒಂದೇ ಮೂಲದ ಪಟ್ಟಿಯಲ್ಲಿ "ದಿನ ಮೊದಲು" ಮತ್ತು "ತಿಂಗಳು ಮೊದಲು" ಎರಡೂ ಜೊತೆಗೆ ಎಂದಿಗೂ ಇರಬಾರದು.

ಮೂಲ ಯಾವ ಪದ್ಧತಿಯದು ಅಂತ ಗೊತ್ತಿಲ್ಲದಿದ್ದರೆ ಇಡೀ ಫೈಲ್ ನೋಡಿ ತೀರ್ಮಾನಿಸಿ, ಸಾಲು ಸಾಲಾಗಿ ಅಲ್ಲ. ಮೊದಲ ಜಾಗದಲ್ಲಿ ಎಲ್ಲಾದರೂ 13 ಅಥವಾ ಹೆಚ್ಚಿನದು ಬಂದಿದ್ದು, ಎರಡನೇ ಜಾಗದಲ್ಲಿ ಎಲ್ಲೂ ಬರದಿದ್ದರೆ ದಿನ ಮೊದಲು. ಎರಡೂ ಜಾಗದಲ್ಲಿ ಬಂದಿದ್ದರೆ ಯಾರೋ ಎರಡು ಫೈಲ್ ಅಂಟಿಸಿದ್ದಾರೆ, ನಿಲ್ಲಿಸಿ ಕೇಳಿ. ಎರಡರಲ್ಲೂ ಬರದಿದ್ದರೂ ಕೇಳಿ. ಪಕ್ಕದಲ್ಲಿ ವಾರ ಬರೆದಿದ್ದರೆ ನಿಮ್ಮ ಅದೃಷ್ಟ: 03/04/2024ರ ಪಕ್ಕ ಬುಧವಾರ ಅಂತಿದ್ದರೆ ಏಪ್ರಿಲ್ 3, ಸೋಮವಾರ ಅಂತಿದ್ದರೆ ಮಾರ್ಚ್ 4. ಇದು ಬರೀ ಒಂದು ತಿಂಗಳ ವ್ಯತ್ಯಾಸವಲ್ಲ. ನಮ್ಮಲ್ಲಿ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರು, ಹಾಗಾಗಿ ಆ ಒಂದು ಪಟ್ಟಿ ಒಂದು ವರ್ಷದ ಲೆಕ್ಕದಿಂದ ಇನ್ನೊಂದು ವರ್ಷದ ಲೆಕ್ಕಕ್ಕೆ ಹಾರುತ್ತದೆ.

ಫಾರ್ಮ್ಯಾಟ್ ಬರೆಯುವಾಗ ಪದೇ ಪದೇ ಆಗುವ ತಪ್ಪುಗಳು:

ಪೈಥಾನ್‌ನಲ್ಲಿ ಪರ್ಸೆಂಟ್ ಚಿಕ್ಕ ಎಂ ತಿಂಗಳು, ಪರ್ಸೆಂಟ್ ದೊಡ್ಡ ಎಂ ನಿಮಿಷ. ಜಾವಾದಲ್ಲಿ ಸರಿಯಾಗಿ ತದ್ವಿರುದ್ಧ, ದೊಡ್ಡ ಎಂ ತಿಂಗಳು. ತಿಂಗಳ ಜಾಗದಲ್ಲಿ ನಿಮಿಷದ ಗುರುತು ಹಾಕಿದರೆ ಪೈಥಾನ್‌ನಲ್ಲಿ ಎಲ್ಲಾ ತಾರೀಖೂ ಜನವರಿಯಾಗುತ್ತದೆ. ವರ್ಷವಿಡೀ ಜನವರಿಯೇ ಕಂಡರೆ ಮೊದಲು ಇಲ್ಲಿ ನೋಡಿ.

ಜಾವಾದಲ್ಲಿ ವರ್ಷಕ್ಕೆ ಚಿಕ್ಕ ವೈ ನಾಲ್ಕು ಸಲ. ದೊಡ್ಡ ವೈ ಹಾಕಿದರೆ ಅದು ವಾರದ ಲೆಕ್ಕದ ವರ್ಷ. ವರ್ಷವಿಡೀ ಸರಿ ತೋರಿಸಿ, 2024ರ ಡಿಸೆಂಬರ್ 31ನ್ನು 2025ರ ಡಿಸೆಂಬರ್ 31 ಅಂತ ಬರೆಯುತ್ತದೆ. ವರ್ಷಕ್ಕೊಮ್ಮೆ ಕಾಣಿಸಿಕೊಳ್ಳುವ ಬಗ್ ಇದು.

ಸಂಜೆ 6:15 ಎಂಬುದನ್ನು ಓದಲು ಪರ್ಸೆಂಟ್ ದೊಡ್ಡ ಎಚ್ ಹಾಕಿದರೆ, ಪಕ್ಕದಲ್ಲಿ ಪಿಎಂ ಇದ್ದರೂ ಪೈಥಾನ್ ಅದನ್ನು ಓದಿ ಬಿಟ್ಟುಬಿಡುತ್ತದೆ, ಬೆಳಗ್ಗೆ 6:15 ಆಗುತ್ತದೆ. ಪಿಎಂ ಲೆಕ್ಕಕ್ಕೆ ಬರಬೇಕಾದರೆ ಗಂಟೆಗೆ ಪರ್ಸೆಂಟ್ ದೊಡ್ಡ ಐ ಬೇಕು. ಡೇರಿಯಲ್ಲಿ ದಿನಕ್ಕೆ ಎರಡು ಹೊತ್ತು ಹಾಲು ಹಾಕುವವರ ಲೆಕ್ಕದಲ್ಲಿ ಸಂಜೆಯದೂ ಬೆಳಗ್ಗೆಯದೂ ಒಂದಾಗಿ ಕೂರುವುದು ಹೀಗೆ.

ಎರಡಂಕಿಯ ವರ್ಷಕ್ಕೆ ಪೈಥಾನ್ 00–68 ಅನ್ನು 2000–2068 ಎಂದೂ 69–99 ಅನ್ನು 1969–1999 ಎಂದೂ ಓದುತ್ತದೆ. ಪಟ್ಟಿಯ "23" ಸರಿ. ರೈತರ ಹುಟ್ಟಿದ ತಾರೀಖು 12-06-58 ಅಂತಿದ್ದರೆ 2058 ಆಗುತ್ತದೆ, ಅವರಿನ್ನೂ ಹುಟ್ಟೇ ಇಲ್ಲ. ಹುಟ್ಟಿದ ತಾರೀಖಿನ ಕಾಲಂಗೆ "ಇವತ್ತಿಗಿಂತ ಮುಂದೆ ಬಂದರೆ 100 ವರ್ಷ ಕಳೆ" ಎಂಬ ನಿಯಮ ಬೇರೆಯಾಗಿ ಬರೆಯಿರಿ.

ವರ್ಷವೇ ಇಲ್ಲದ ತಾರೀಖಿಗೆ ಪೈಥಾನ್ 1900 ಎಂದು ತುಂಬುತ್ತದೆ. 1900 ಅಧಿಕ ವರ್ಷವಲ್ಲ, ಹಾಗಾಗಿ ಬರೀ "29 ಫೆಬ್ರವರಿ" ಕೊಟ್ಟರೆ ಅಂಥ ದಿನವೇ ಇಲ್ಲ ಅನ್ನುತ್ತದೆ. ಓದಿಸುವ ಮುಂಚೆಯೇ ವರ್ಷವನ್ನು ಸ್ಟ್ರಿಂಗ್‌ಗೆ ಅಂಟಿಸಿ.

ಹಂತ 5: ಸಂಖ್ಯೆಯಾಗಿ ಬಂದ ತಾರೀಖು

ಸಂಖ್ಯೆ ನೋಡಿದರೆ ಗಾಬರಿ ಬೇಡ, ಅಂಕಿಗಳನ್ನು ಎಣಿಸಿ.

ಐದಂಕಿ ಇದ್ದರೆ ಹೆಚ್ಚುಕಡಿಮೆ ಎಕ್ಸೆಲ್‌ನದು. ಎಕ್ಸೆಲ್ ಒಳಗೆ ತಾರೀಖು ಎಂದರೆ ದಿನಗಳ ಎಣಿಕೆ: 45115 ಅಂದರೆ 2023ರ ಜುಲೈ 8, 45145 ಅಂದರೆ ಆಗಸ್ಟ್ 7. ದಶಮಾಂಶ ಇದ್ದರೆ ಅದು ದಿನದ ಭಾಗ, .25 ಬೆಳಗ್ಗೆ ಆರು, .5 ಮಧ್ಯಾಹ್ನ ಹನ್ನೆರಡು. ಕೋಡ್‌ನಲ್ಲಿ 1899ರ ಡಿಸೆಂಬರ್ 30ಕ್ಕೆ ಅಷ್ಟು ದಿನ ಕೂಡಿಸಿ. 1900ರ ಜನವರಿ 1 ಮೊದಲ ದಿನವಾಗಿರುವಾಗ ಡಿಸೆಂಬರ್ 31 ಯಾಕಲ್ಲ ಅಂದರೆ, ಎಕ್ಸೆಲ್ 1900ರಲ್ಲಿ ಇಲ್ಲದ ಫೆಬ್ರವರಿ 29 ಒಂದನ್ನು ಎಣಿಸಿಕೊಂಡಿದೆ. ಎಕ್ಸೆಲ್‌ಗಿಂತ ಹಳೆಯ ಲೋಟಸ್ 1-2-3 ಎಂಬ ಲೆಕ್ಕದ ಪ್ರೋಗ್ರಾಂ ಮಾಡಿದ ತಪ್ಪನ್ನು ಹೊಂದಾಣಿಕೆಗಾಗಿ ಉಳಿಸಿಕೊಂಡದ್ದು. ನಿಮ್ಮ ಎಲ್ಲಾ ತಾರೀಖೂ ಒಂದು ದಿನ ಅಥವಾ ಎರಡು ದಿನ ಮುಂದಿದ್ದರೆ ಶುರುವಿನ ದಿನ ತಪ್ಪು ಹಾಕಿದ್ದೀರಿ. ಸರಿಯಾಗಿ 1462 ದಿನ, ಅಂದರೆ ನಾಲ್ಕು ವರ್ಷ ಒಂದು ದಿನ ಹಿಂದಿದ್ದರೆ ಆ ಫೈಲ್ 1904ರಿಂದ ಎಣಿಸುವ ಪದ್ಧತಿಯದು, ಹಳೆಯ ಮ್ಯಾಕ್‌ನಲ್ಲಿ ಮಾಡಿದ್ದಿರಬೇಕು.

ಎಂಟಂಕಿ ಇದ್ದರೆ 20230708 ಎಂಬ ಬಗೆಯದು. ಇದನ್ನು ಸಂಖ್ಯೆ ಅಂತ ನೇರ ಕೊಟ್ಟರೆ ಸೆಕೆಂಡು ಎಂದುಕೊಂಡು 1970ರ ಆಗಸ್ಟ್ 23 ಮಾಡುವ ಫಂಕ್ಷನ್‌ಗಳಿವೆ. ಸ್ಟ್ರಿಂಗ್ ಮಾಡಿ ನಾಲ್ಕನೇ ಹಂತಕ್ಕೆ ಕಳಿಸಿ. ಏಳಂಕಿ ಇದ್ದರೆ ಬಹುಶಃ 08072023ರ ಮುಂದಿನ ಸೊನ್ನೆಯನ್ನು ಎಕ್ಸೆಲ್ ತಿಂದಿದೆ, ಎಡಕ್ಕೆ ಸೊನ್ನೆ ತುಂಬಿ ಎಂಟು ಮಾಡಿಕೊಳ್ಳಿ.

ಹತ್ತಂಕಿ ಇದ್ದರೆ ಯೂನಿಕ್ಸ್ ಸೆಕೆಂಡು, 1970ರ ಜನವರಿ 1ರಿಂದ ಎಣಿಸಿದ್ದು. ಹದಿಮೂರು ಇದ್ದರೆ ಮಿಲಿಸೆಕೆಂಡು, ಹದಿನಾರು ಮೈಕ್ರೊ, ಹತ್ತೊಂಬತ್ತು ನ್ಯಾನೊ. ಜಾವಾಸ್ಕ್ರಿಪ್ಟ್ ಮಿಲಿಸೆಕೆಂಡು ಕೇಳುತ್ತದೆ, ಪೈಥಾನ್ ಸೆಕೆಂಡು ಕೇಳುತ್ತದೆ, ಪಾಂಡಾಸ್ ಏನೂ ಹೇಳದಿದ್ದರೆ ನ್ಯಾನೊ ಅಂದುಕೊಳ್ಳುತ್ತದೆ. 1700000000 ಎಂಬ ಸೆಕೆಂಡನ್ನು ಜಾವಾಸ್ಕ್ರಿಪ್ಟ್‌ಗೆ ಹಾಗೇ ಕೊಟ್ಟರೆ 1970ರ ಜನವರಿ 20, ಪಾಂಡಾಸ್‌ಗೆ ಕೊಟ್ಟರೆ 1970ರ ಜನವರಿ 1. ಫಲಿತಾಂಶದಲ್ಲಿ 1970 ಕಂಡರೆ ಅಳತೆ ತಪ್ಪಿದೆ ಅಂತಲೇ ಅರ್ಥ, ಬೇರೆ ಕಡೆ ಹುಡುಕುತ್ತಾ ಹೊತ್ತು ಕಳೆಯಬೇಡಿ.

ಅಂಕಿ ಎಣಿಸಿದ್ದೇ ಸಾಲದು, ಎಲ್ಲೆಯನ್ನೂ ಹಾಕಿ. 2015ರಿಂದ 2029ರವರೆಗಿನ ಲೆಕ್ಕವಾದರೆ ಎಕ್ಸೆಲ್ ಸಂಖ್ಯೆ 42005ರಿಂದ 47483ರೊಳಗೆ ಇರಬೇಕು. ಹೊರಗಿದ್ದರೆ ಅದು ತಾರೀಖಲ್ಲ. ಒಂದು ಸಲ ರೂಪಾಯಿಯ ಕಾಲಂ ಜರುಗಿ ಬಂದಿತ್ತು: 38,500 ರೂಪಾಯಿಯ ಒಂದು ಪಟ್ಟಿ 2005ರ ಮೇ 28 ಆಗಿ ಕೂತಿತ್ತು.

ಹಂತ 6: ನಿನ್ನೆ, ಮೊನ್ನೆ, ಉಗಾದಿ

ವಾಟ್ಸಾಪ್‌ನಲ್ಲಿ ಬರುವ ಸಂದೇಶ: "ಮೊನ್ನೆದು 40 ಬಾಕ್ಸ್ ಪಟ್ಟಿ ಬಂದಿಲ್ಲ ಅಣ್ಣ." ಇಲ್ಲಿ ಮೊನ್ನೆ ಎಂದರೆ ಸಂದೇಶ ಕಳಿಸಿದ ದಿನಕ್ಕೆ ಎರಡು ದಿನ ಹಿಂದೆ. ನಿಮ್ಮ ಪ್ರೋಗ್ರಾಂ ಓಡಿದ ದಿನಕ್ಕಲ್ಲ. ಇವತ್ತಿನ ತಾರೀಖು ಕೊಡುವ ಟುಡೇ ಫಂಕ್ಷನ್ ಇಲ್ಲಿ ಬಳಸಿದರೆ, ಅದೇ ಫೈಲನ್ನು ನಾಳೆ ಓಡಿಸಿದಾಗ ಬೇರೆ ಉತ್ತರ ಬರುತ್ತದೆ. ಆಧಾರದ ತಾರೀಖನ್ನು ಫಂಕ್ಷನ್‌ಗೆ ಹೊರಗಿನಿಂದ ಕೊಡಿ, ಕೊಡದಿದ್ದರೆ ಎರರ್ ಬರಲಿ.

ಇವತ್ತು 0, ನಿನ್ನೆ −1, ಮೊನ್ನೆ −2, ನಾಳೆ +1, ನಾಡಿದ್ದು +2. ಇಷ್ಟನ್ನು ಕೋಡ್‌ಗೆ ಬಿಡಬಹುದು. ಆದರೆ ಮಾತಿನಲ್ಲಿ "ಮೊನ್ನೆ" ಕೆಲವು ದಿನದ ಹಿಂದೆ ಎಂಬ ಸಡಿಲ ಅರ್ಥದಲ್ಲೂ ಬರುತ್ತದೆ. "ಮೊನ್ನೆ ಮೊನ್ನೆ" ಅಂತ ಎರಡು ಸಲ ಬಂದರೆ, "ಆವತ್ತು" ಅಂತ ಬಂದರೆ ತಾರೀಖು ಮಾಡದೆ ಮನುಷ್ಯರ ಕಣ್ಣಿಗೆ ಕಳಿಸಿ.

ಹಬ್ಬದ ಹೆಸರನ್ನು ಸೂತ್ರ ಹಾಕಿ ಕಂಡುಹಿಡಿಯುವ ಸಾಹಸ ಬೇಡ. ಚಾಂದ್ರಮಾನದ ಉಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಕ್ಯಾಲೆಂಡರ್ ನೋಡಿ ವರ್ಷಕ್ಕೊಂದು ಕೋಷ್ಟಕ ತುಂಬಿಕೊಳ್ಳಿ.

ಹಂತ 7: ಐದೂವರೆ ಗಂಟೆಯ ಲೆಕ್ಕ

ಮೇಲಿನ 1700000000 ಅನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಆಧಾರವಾದ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಓದಿದರೆ 2023ರ ನವೆಂಬರ್ 14, ರಾತ್ರಿ 10:13. ನಮ್ಮ ಗಡಿಯಾರದಲ್ಲಿ ನವೆಂಬರ್ 15, ಬೆಳಗಿನ ಜಾವ 3:43. ಎರಡೂ ಸರಿ, ದಿನ ಮಾತ್ರ ಬೇರೆ. ಸರ್ವರ್ ಯುಟಿಸಿಯಲ್ಲಿದ್ದರೆ ನಮ್ಮ ರಾತ್ರಿ 12ರಿಂದ ಬೆಳಗ್ಗೆ 5:30ರೊಳಗೆ ದಾಖಲಾದ ಎಲ್ಲವೂ ಹಿಂದಿನ ದಿನಕ್ಕೆ ಸೇರುತ್ತವೆ. ಬೆಳಕು ಹರಿಯುವ ಮುಂಚೆ ಇಳಿಯುವ ಲೋಡು, ನಸುಕಿನ ಹೂವಿನ ವ್ಯಾಪಾರ, ಮೊದಲ ಸರದಿಯ ಹಾಲು ಎಲ್ಲಾ ಆ ಹೊತ್ತಿನವೇ. ದಿನದ ಒಟ್ಟು ಮೊತ್ತ ತಾಳೆಯಾಗದೆ, ತಿಂಗಳ ಮೊತ್ತ ಹೆಚ್ಚುಕಡಿಮೆ ತಾಳೆಯಾದರೆ ಮೊದಲ ಅನುಮಾನ ಇದರ ಮೇಲಿರಲಿ.

ಕ್ರಮ: ಸಮಯವನ್ನು ಮೊದಲು ಏಷ್ಯಾ/ಕೋಲ್ಕತಾಗೆ ಬದಲಿಸಿ, ಆಮೇಲೆ ತಾರೀಖಿನ ಭಾಗ ಕತ್ತರಿಸಿ. ಮೊದಲು ಕತ್ತರಿಸಿ ಆಮೇಲೆ ಬದಲಿಸಿದರೆ ಕೆಲಸ ಕೆಟ್ಟಿತು.

ಜಾವಾಸ್ಕ್ರಿಪ್ಟ್‌ನಲ್ಲಿ ನಮ್ಮ ದೇಶದವರನ್ನೇ ಹುಡುಕಿ ಹೊಡೆಯುವ ಒಂದು ಬಲೆ ಇದೆ. ವರ್ಷ 2023, ತಿಂಗಳು 6, ದಿನ 8 ಕೊಟ್ಟು ಡೇಟ್ ಮಾಡುತ್ತೀರಿ. ಅಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಶುರು, ಆದ್ದರಿಂದ 6 ಎಂದರೆ ಜುಲೈ. ಸರಿ. ಅದನ್ನು ಟು-ಐಎಸ್‌ಒ-ಸ್ಟ್ರಿಂಗ್ ಹಾಕಿ ಮೊದಲ ಹತ್ತು ಅಕ್ಷರ ತೆಗೆದರೆ 2023-07-07 ಬರುತ್ತದೆ. ನಮ್ಮ ಮಧ್ಯರಾತ್ರಿ ಯುಟಿಸಿಯಲ್ಲಿ ಹಿಂದಿನ ದಿನದ 18:30 ಆಗಿರುವುದರಿಂದ ಹೀಗೆ. ಎಲ್ಲಿಯಾದರೂ 18:30 ಕಂಡರೆ ಅದು ಸಂಜೆ ಆರೂವರೆ ಅಲ್ಲ, ಯಾರೋ ಬರೀ ತಾರೀಖನ್ನು ಸಮಯ ಮಾಡಿಬಿಟ್ಟ ಗುರುತು.

ಪೈಥಾನ್‌ನಲ್ಲಿ ಪೈಟಿಝಡ್ ಎಂಬ ಹಳೆಯ ಟೈಮ್‌ಝೋನ್ ಲೈಬ್ರರಿ ಬಳಸುವವರು ಝೋನನ್ನು ನೇರ ಡೇಟ್‌ಟೈಮ್‌ಗೆ ಅಂಟಿಸಿದರೆ +5:30ರ ಬದಲು +5:53 ಬರುತ್ತದೆ. ಅದು ಕಲ್ಕತ್ತಾದ ಹಳೆಯ ಸ್ಥಳೀಯ ಸಮಯ. ಲೋಕಲೈಸ್ ಫಂಕ್ಷನ್ ಬಳಸಬೇಕು, ಅಥವಾ ಝೋನ್‌ಇನ್ಫೋಗೆ ಬಂದುಬಿಡಿ. ಬರೀ ತಾರೀಖು ಮಾತ್ರ ಇರುವ ಕಡೆ, ಹುಟ್ಟಿದ ದಿನ, ಪಟ್ಟಿಯ ದಿನ, ಝೋನ್ ಅಂಟಿಸಲೇಬೇಡಿ.

ಹಂತ 8: ಉಳಿಸುವ ಮುಂಚೆ ತಪಾಸಣೆ

ಬದಲಾಗದೆ ಉಳಿದವನ್ನು ಪಾಂಡಾಸ್‌ನಲ್ಲಿ "ಕೊಅರ್ಸ್" ಹಾಕಿ ನ್ಯಾಟ್ ಮಾಡಿದರೆ ತಪ್ಪಿಲ್ಲ, ಎಷ್ಟು ಆದವು ಅಂತ ಎಣಿಸದಿದ್ದರೆ ತಪ್ಪು. ಮೂಲದಲ್ಲಿ ಖಾಲಿ ಇದ್ದವೆಷ್ಟು, ಬದಲಾದ ಮೇಲೆ ಖಾಲಿಯಾದವೆಷ್ಟು, ಎರಡನ್ನೂ ಪ್ರಿಂಟ್ ಮಾಡಿ. ವ್ಯತ್ಯಾಸವಿರುವ ಸಾಲುಗಳನ್ನು ಬೇರೆ ಫೈಲ್‌ಗೆ ಬರೆಯಿರಿ.

ಆಮೇಲೆ ಮೂರು ಎಣಿಕೆ. ತಿಂಗಳಿಗೆ ಎಷ್ಟು ಸಾಲು, ತಿಂಗಳ ದಿನಕ್ಕೆ (1ರಿಂದ 31) ಎಷ್ಟು ಸಾಲು, ವಾರದ ದಿನಕ್ಕೆ ಎಷ್ಟು ಸಾಲು. ಒಂದೇ ತಿಂಗಳ ಫೈಲ್ ಹನ್ನೆರಡು ತಿಂಗಳಿಗೆ ಹರಡಿದ್ದರೆ, ಮಂಡಿಗೆ ರಜೆಯಿದ್ದ ದಿನ ವ್ಯಾಪಾರ ಕಂಡರೆ, ಇವತ್ತಿಗಿಂತ ಮುಂದಿನ ತಾರೀಖು ಬಂದರೆ ಉಳಿಸಬೇಡಿ, ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ. ಕೋಡ್ ಪರೀಕ್ಷಿಸಲು 15/08 ಅಥವಾ 26/01 ತೆಗೆದುಕೊಳ್ಳಬೇಡಿ, ಅವು ಹೇಗೂ ಪಾಸಾಗುತ್ತವೆ. 08/07, 29/02, 31/12, ರಾತ್ರಿ 12:00, ಬೆಳಗಿನ 5:29, ಕನ್ನಡ ಅಂಕಿಯದೊಂದು, ಖಾಲಿಯದೊಂದು ಇರಲಿ.

ಹಂತ 9: ಉಳಿಸುವುದು, ಉಳಿದವನ್ನು ವಾಪಸ್ ಕಳಿಸುವುದು

ಡೇಟಾಬೇಸ್‌ನಲ್ಲಿ ಕಾಲಂ ಡೇಟ್ ಬಗೆಯದೇ ಆಗಿರಲಿ. ಅಕ್ಷರವಾಗಿ ಇಡಲೇಬೇಕಾದರೆ 2023-07-08 ಎಂಬ ರೂಪದಲ್ಲಿ ಇಡಿ, ಸಾರ್ಟ್ ಮಾಡಿದರೂ ಸರಿಯಾಗಿ ನಿಲ್ಲುತ್ತದೆ. ಪರದೆಯ ಮೇಲೆ, ಪ್ರಿಂಟ್‌ನಲ್ಲಿ ಮಾತ್ರ 8-7-2023.

ಇಲ್ಲದ ತಾರೀಖನ್ನು ಸರಿಪಡಿಸುವ ಉಪಕಾರ ಮಾಡಬೇಡಿ. ಜಾವಾಸ್ಕ್ರಿಪ್ಟ್ ಈ ಉಪಕಾರವನ್ನು ಕೇಳದೆಯೇ ಮಾಡುತ್ತದೆ: 2023ರ ಫೆಬ್ರವರಿ 29 ಅಂತ ಮೂರು ಅಂಕಿ ಕೊಟ್ಟರೆ ಮಾರ್ಚ್ 1 ಮಾಡಿ ಕೈಗಿಡುತ್ತದೆ. ಅದಕ್ಕೆ, ಮಾಡಿದ ಡೇಟ್‌ನಿಂದ ದಿನ, ತಿಂಗಳು ವಾಪಸ್ ತೆಗೆದು ಕೊಟ್ಟದ್ದರ ಜೊತೆ ಹೋಲಿಸಿ ನೋಡಿ.

ತಿರಸ್ಕರಿಸಿದ ಸಾಲುಗಳ ಪಟ್ಟಿಯನ್ನು ಪ್ರಿಂಟ್ ಹಾಕಿ, ಮೂಲ ಕಾಲಂ ಸಮೇತ, ಬರೆದವರ ಹತ್ತಿರ ತೆಗೆದುಕೊಂಡು ಹೋಗಿ. ನನ್ನ ಮೊದಲ ಪಟ್ಟಿಯಲ್ಲಿ "31/06/2023" ಎಂಬುದೊಂದಿತ್ತು. ಜೂನ್‌ಗೆ ಮೂವತ್ತೇ ದಿನ, ಹಾಗಾಗಿ ಜೂನ್ 30 ಇರಬೇಕು ಅಂತ ನಾನು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಆ ಹಿರಿಯರು ಪುಸ್ತಕ ತಿರುವಿ, ಮೇಲಿನ ಕೆಳಗಿನ ಪಟ್ಟಿಗಳ ಮೇಲೆ ಬೆರಳಾಡಿಸಿ, "ಮೂವತ್ತಕ್ಕೇ ಬೇರೆ ಪಟ್ಟಿ ಇದೆ ನೋಡು. ತಿಂಗಳು ಮುಗಿದಿದ್ದು ಮರೆತು ಬರೆದಿದೀನಿ, ಇದು ಒಂದನೇ ತಾರೀಖಿಂದು" ಅಂದರು.